ಮಾತು ಬಿಟ್ಟವರ ಬೆಂಚು

ಈ ಊರಿನಲ್ಲಿ ಸ್ಪ್ಯಾನಿಷ್ ಮಾಸ್ತರನಾಗಲು ಬೇಕಾದ ಅರ್ಹತೆ ಒಂದೇ. ಊರಿನ ಯಾರೊಂದಿಗೂ ಜಗಳ ಇರಬಾರದು. ಭಾಷೆ ಬರಬೇಕೆಂದೇನೂ ಇಲ್ಲ, ಅದು ಪುಸ್ತಕದಲ್ಲಿದೆ. ನಾನು ಇಲ್ಲಿಗೆ ಬಂದದ್ದು ಮುದ್ರಣಾಲಯದ ಹಳೆಯ ಯಂತ್ರವೊಂದನ್ನು ರಿಪೇರಿ ಮಾಡುವುದಕ್ಕೆ. ಯಂತ್ರ ರಿಪೇರಿಯಾಗಲಿಲ್ಲ, ನಾನೂ ವಾಪಸು ಹೋಗಲಿಲ್ಲ. ಹಿಂದಿನ ಮಾಸ್ತರರು ಹಾಲಿನವನ ಜೊತೆ ನೀರಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿ, ತಾವೇ ಬೆಂಚಿನ ಮೇಲೆ ಕೂರಬೇಕಾಗಿ ಬಂದಾಗ, ಊರ ಹಿರಿಯರು ನನ್ನ ಕೋಣೆಗೆ ಬಂದು ವಿಚಾರಿಸಿದರು: ಬಂದಾಗಿನಿಂದ ಯಾರಿಗಾದರೂ ಏನಾದರೂ ಅಂದಿದ್ದೀರಾ? ಇಲ್ಲ ಅಂದೆ. ಯಾರಾದರೂ ನಿಮಗೆ? ಇಲ್ಲ. ಅವರು ನನ್ನನ್ನು ಕನಿಕರದಿಂದ ನೋಡಿ ಪುಸ್ತಕ ಕೊಟ್ಟು ಹೋದರು. ಅಂದಿನಿಂದ ಹಾಲಿನವನು ಎಷ್ಟು ನೀರು ಬೆರೆಸಿದರೂ ನಾನು ಬಾಯಿ ತೆರೆದಿಲ್ಲ.

ಇಲ್ಲಿ ತಕರಾರು ಚಾವಡಿಗೆ ಹೋಗಬೇಕಾದರೆ ಸ್ಪ್ಯಾನಿಷ್‌ನಲ್ಲೇ ಹೋಗಬೇಕು. ಕನ್ನಡದಲ್ಲಿ ಎಷ್ಟು ಬೇಕಾದರೂ ಬೈದಾಡಬಹುದು, ಅದು ಲೆಕ್ಕಕ್ಕಿಲ್ಲ. ನ್ಯಾಯ ಬೇಕೆಂದವರು, ನ್ಯಾಯ ಯಾರ ಮೇಲೆ ಬೇಕೋ ಅವರನ್ನೂ ಕರೆದುಕೊಂಡು ನನ್ನ ಪಾಠಶಾಲೆಗೆ ಬರಬೇಕು. ಇಬ್ಬರೂ ಒಂದೇ ಬೆಂಚಿನ ಮೇಲೆ, ಒಂದೇ ಪುಸ್ತಕ ನೋಡಿಕೊಂಡು, ಮೊದಲ ಪಾಠದಿಂದ ಕಲಿಯಬೇಕು. ಮೊದಲೇ ಬರುವವರಾದರೂ ಸರಿ, ಹೊಸ ತಕರಾರಿಗೆ ಹೊಸದಾಗಿ ಶುರು. ಇಬ್ಬರಿಗೂ ಬಂತು ಎಂದು ನಾನು ಒಪ್ಪಿದ ಮೇಲೆ ಚಾವಡಿಯಲ್ಲಿ ವಿಚಾರಣೆ. ಅಲ್ಲಿಯವರೆಗೆ ಯಾವುದು ಎಲ್ಲಿತ್ತೋ ಅಲ್ಲೇ ಇರತಕ್ಕದ್ದು. ತೀರ್ಪಾದ ಮೇಲೆ ಆ ಭಾಷೆಯನ್ನು ಅಲ್ಲೇ ಬಿಟ್ಟು ಬರತಕ್ಕದ್ದು. ಮಸಣದಿಂದ ಬಂದವರು ಬಾಗಿಲಲ್ಲಿ ಕಾಲು ತೊಳೆಯುವಂತೆ, ಚಾವಡಿಯಿಂದ ಬಂದವರು ಹೊಸ್ತಿಲ ಹೊರಗೆ ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಾರೆ.

ಹೀಗಾಗಿ ಬೇರೆ ಊರಿನಲ್ಲಿ ವಿದ್ಯೆ ಅನ್ನಿಸಿಕೊಳ್ಳುವುದು ಇಲ್ಲಿ ಕಳಂಕ. ಹೆಣ್ಣು ನೋಡಲು ಬಂದವರು ಮೊದಲು ಜಾತಕ ಕೇಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಸ್ಪ್ಯಾನಿಷ್ ಬರುತ್ತದೆಯೇ ಎಂದು ಕೇಳುತ್ತಾರೆ. ಅಲ್ಪಸ್ವಲ್ಪ ಬರುತ್ತದೆ ಎಂದರೆ ಅವಲಕ್ಕಿ ತಿಂದು ಎದ್ದು ಹೋಗುತ್ತಾರೆ. ಚೆನ್ನಾಗಿ ಬರುತ್ತದೆ ಎಂದರೆ ಅವಲಕ್ಕಿಯನ್ನೂ ಮುಟ್ಟುವುದಿಲ್ಲ. ಗಂಡ ಹೆಂಡಿರ ಮಾತು ತುಸು ಏರಿದರೆ ಅತ್ತೆಯಾದವಳು ನಡುಮನೆಯಿಂದ ಕೆಮ್ಮಿ, ಬೆಂಚು ಖಾಲಿ ಇದೆಯಂತೆ, ಎನ್ನುತ್ತಾಳೆ. ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ.

ಪುಸ್ತಕದ ಬಗ್ಗೆ ಒಂದು ಮಾತು ಹೇಳಬೇಕು. ಅದನ್ನು ಬರೆದವರು ಇಂಗ್ಲಿಷ್ ಮಾತಾಡುವ ಹೊಸಬರಿಗೆಂದು ಬರೆದಿದ್ದಾರೆ. ನಮ್ಮೂರಿನವರನ್ನು ಅವರು ಕನಸಿನಲ್ಲೂ ಕಂಡಿರಲಾರರು. ನಾವು ನಡುವಿನ ಇಂಗ್ಲಿಷನ್ನು ತಡವರಿಸಿ ದಾಟಿ, ಆಚೆ ದಡದ ಸ್ಪ್ಯಾನಿಷನ್ನು ಹಿಡಿಯಬೇಕು. ಆದರೆ ಪುಸ್ತಕ ಹೆದರಿಸುವ ಜಾಗದಲ್ಲೆಲ್ಲ ನಮ್ಮವರು ಹೆದರುವುದಿಲ್ಲ. 'ಗಾಬರಿಯಾಗಬೇಡಿ, ಈ ಭಾಷೆಯಲ್ಲಿ ಎದುರಿನವರನ್ನು ಕರೆಯಲು ಎರಡು ಮಾತುಗಳಿವೆ, ಸಲಿಗೆಯವರಿಗೆ ತು, ಗೌರವದವರಿಗೆ ಉಸ್ತೆದ್' ಎಂದು ಅದು ಎರಡು ಪುಟ ಸಮಾಧಾನ ಹೇಳುತ್ತದೆ. ನೀನು, ನೀವು ಅಷ್ಟೇ ತಾನೆ ಎಂದು ನಮ್ಮವರು ಪುಟ ತಿರುವುತ್ತಾರೆ. 'ನನಗೆ ಮಾವಿನಹಣ್ಣು ಇಷ್ಟ' ಎಂಬುದನ್ನು ಈ ಜನ ತಲೆಕೆಳಗಾಗಿ ಹೇಳುತ್ತಾರೆ, ಇಷ್ಟವು ಹಣ್ಣಿನಿಂದ ಮನುಷ್ಯನ ಕಡೆಗೆ ಬರುತ್ತದೆ ಎಂದು ಪುಸ್ತಕ ಬೆರಗಾಗುತ್ತದೆ. ಮತ್ತೆ ಹೇಗೆ ಬರಬೇಕಿತ್ತು ಎಂದು ನಮ್ಮವರು ಬೆರಗಾಗುತ್ತಾರೆ. ಆದರೆ ಪುಸ್ತಕ ಒಂದೇ ಸಾಲಿನಲ್ಲಿ ದಾಟಿ ಹೋಗುವ ಕಡೆ ನಮ್ಮವರ ಕಾಲು ಹೂತುಹೋಗುತ್ತದೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂದಾಗ, ಯಾರು ನೋಡಿ ಹೇಳಿದರು ಎಂದು ಕೇಳಿದವರಿದ್ದಾರೆ.

ನೀಲಗಂಗವ್ವ ಮತ್ತು ಗದಿಗೆಪ್ಪ ನನ್ನ ಬೆಂಚಿಗೆ ಬಂದದ್ದು ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ. ನೀಲಗಂಗವ್ವ ಹಪ್ಪಳದಾಕೆ. ಅವಳ ಉದ್ದಿನ ಹಪ್ಪಳ ಇಲ್ಲದೆ ಊರಿನಲ್ಲಿ ಮದುವೆಯ ಊಟ ಮುಗಿಯುವುದಿಲ್ಲ. ಗಂಡ ಈರಬಸಪ್ಪ ತೀರಿಕೊಂಡು ವರ್ಷದ ಮೇಲಾಗಿತ್ತು. ಗದಿಗೆಪ್ಪ ಅವನ ತಮ್ಮ, ಅಂದರೆ ಇವಳ ಮೈದುನ. ಲಗ್ನವಾಗಿಲ್ಲ, ಗಡಿಯಾರ ರಿಪೇರಿ ಮಾಡುತ್ತಾನೆ, ಪಾರಿವಾಳ ಸಾಕುತ್ತಾನೆ. ಒಂದೇ ಮನೆಯ ಮುಂದಿನ ಭಾಗದಲ್ಲಿ ಅವನು, ಹಿಂದಿನ ಭಾಗದಲ್ಲಿ ಎರಡು ಹೆಣ್ಣುಮಕ್ಕಳೊಂದಿಗೆ ಅವಳು. ಮೆಟ್ಟಿಲು ಒಂದೇ, ಮಾಳಿಗೆ ಒಂದೇ. ತಕರಾರು ಆ ಮಾಳಿಗೆಯದು. ಹಪ್ಪಳಕ್ಕೆ ಬಿಸಿಲು ಬೇಕು, ಬಿಸಿಲು ಇರುವುದು ಮಾಳಿಗೆಯ ಮೇಲೆ, ಮಾಳಿಗೆಯ ತುಂಬ ಪಾರಿವಾಳ. ಅಣ್ಣ ಹೋದ ಮೇಲೆ ಗದಿಗೆಪ್ಪ ಗೂಡಿಗೆ ಗೂಡು ಜೋಡಿಸುತ್ತ ಹೋಗಿ, ಕಾಲಿಡಲು ಜಾಗವಿಲ್ಲದಂತೆ ಮಾಡಿದ್ದ. ಹಿಂದಿನ ಬೇಸಗೆಯಲ್ಲಿ ಇವಳು ಹಾಸಿದ ಹಪ್ಪಳದ ಮೇಲೆ ಅವು ನಡೆದಾಡಿ, ನಡೆದಾಡುವುದಲ್ಲದೆ ಇನ್ನೇನನ್ನು ಮಾಡುತ್ತವೆಯೋ ಅದನ್ನೂ ಮಾಡಿದವು. ಆಗ ಅವಳೇನೋ ಅಂದಳು, ಅವನೇನೋ ಅಂದ. ಏನೆಂದು ಇಬ್ಬರೂ ಯಾರಿಗೂ ಹೇಳಲಿಲ್ಲ. ಒಳ್ಳೆಯ ಕನ್ನಡದಲ್ಲೇ ಅಂದಿರಬೇಕು. ಅಂದಿನಿಂದ ಮಾತು ಬಿಟ್ಟಿದ್ದರು.

ಆ ಬೇಸಗೆಯ ಹಪ್ಪಳವೆಲ್ಲ ಹಾಳಾಗಿ ಅವಳು ವರ್ಷವಿಡೀ ಬೇರೆಯವರ ಮನೆಯಲ್ಲಿ ರೊಟ್ಟಿ ಬಡಿದಿದ್ದಳು. ಈ ಬೇಸಗೆಯೂ ಹೋದರೆ ಹಪ್ಪಳದ ಮಣೆ ಅಟ್ಟ ಸೇರುತ್ತದೆಂದು ಅವಳಿಗೆ ಗೊತ್ತಿತ್ತು. ಮದುವೆ ಮನೆಗಳವರು ಆಗಲೇ ಪಕ್ಕದೂರಿನ ಹಪ್ಪಳದ ರುಚಿ ನೋಡತೊಡಗಿದ್ದರು. ರೋಹಿಣಿ ಮಳೆ ಬೀಳುವುದರೊಳಗೆ ಅವಳಿಗೆ ಮಾಳಿಗೆ ಬೇಕು. ಮಾಳಿಗೆ ಬೇಕಾದರೆ ತೀರ್ಪು ಬೇಕು. ತೀರ್ಪು ಬೇಕಾದರೆ ಗದಿಗೆಪ್ಪನಿಗೆ ಸ್ಪ್ಯಾನಿಷ್ ಬರಬೇಕು.

ಗದಿಗೆಪ್ಪನಿಗೆ ಸ್ಪ್ಯಾನಿಷ್ ಬರಲೊಲ್ಲದು. ತೀರ್ಪಿನ ತನಕ ಪಾರಿವಾಳ ಇದ್ದಲ್ಲೇ ಇರುತ್ತವೆ ಎಂಬುದು ಅವನಿಗೂ ಗೊತ್ತಿತ್ತು. ಇದನ್ನು ಊರಿನಲ್ಲಿ 'ಮೊದಲ ಪಾಠದಲ್ಲಿ ಮಲಗುವುದು' ಎನ್ನುತ್ತಾರೆ. ಹೊಲದ ಬದುವಿನ ತಕರಾರಿನಲ್ಲಿ ಹೀಗೆ ಮಲಗಿದವರೊಬ್ಬರು ಮೊಮ್ಮಗನಿಗೆ ಬೆಂಚು ಬಿಟ್ಟುಕೊಟ್ಟು ಸತ್ತರಂತೆ. ನಾನು 'ಬ್ವೆನೊಸ್ ದಿಯಾಸ್' ಎಂದು ಹೇಳಿಕೊಡುತ್ತೇನೆ, ಅಂದರೆ ಶುಭ ದಿನ. ನೀಲಗಂಗವ್ವ ಒಂದೇ ಸಲಕ್ಕೆ ಹೇಳುತ್ತಾಳೆ. ಗದಿಗೆಪ್ಪ ಬಾಯಿ ತೆರೆಯುತ್ತಾನೆ, ತುಟಿ ಆಡಿಸುತ್ತಾನೆ, ಬೆವರು ಒರೆಸಿಕೊಂಡು ಕೂರುತ್ತಾನೆ.

"ನಾಲಿಗಿ ಹೊಳ್ಳವಲ್ದ್ರಿ ಮಾಸ್ತರ," ಎಂದು ಅವನು ನನ್ನ ಮುಖವನ್ನೇ ನೋಡುತ್ತ ಹೇಳಿದ. "ಸಾಲ್ಯಾಗೂ ಹಿಂಗ ಇತ್ತು. ನಮ್ಮ ಮನೆತನದಾಗ ನಾಲಿಗಿ ಹೊಳ್ಳಿದ್ದು ಹೊರಗಿಂದ ಬಂದವರದ್ದು ಅಷ್ಟ."

ಹೊರಗಿನಿಂದ ಬಂದವಳು ಬೆಂಚಿನ ಆ ತುದಿಯಲ್ಲಿ ಸೆರಗು ಸರಿಪಡಿಸಿಕೊಂಡು ಕಿಟಕಿಯಾಚೆಯ ಬಿಸಿಲನ್ನು ನೋಡುತ್ತಿದ್ದಳು. ಅವಳು ಆ ಬಿಸಿಲನ್ನು ನೋಡುತ್ತಿದ್ದ ರೀತಿ ನನಗೆ ನೆನಪಿದೆ. ಹಸಿದವರು ಬೇರೆಯವರ ತಟ್ಟೆಯನ್ನು ಹಾಗೆ ನೋಡುತ್ತಾರೆ.

ಪುಸ್ತಕದ ಪ್ರಕಾರ ಪಾಠಗಳನ್ನು ಇಬ್ಬರು ಸಂಭಾಷಣೆ ಮಾಡಿ ಕಲಿಯಬೇಕು. ಬೇರೆ ಯಾರೂ ಅವರ ಜೊತೆ ಈ ಭಾಷೆಯಲ್ಲಿ ಮಾತಾಡಲು ಒಪ್ಪುವುದಿಲ್ಲವಾದ್ದರಿಂದ ಅವರವರೇ ಮಾಡಬೇಕು. ನೀಲಗಂಗವ್ವ ಮೊದಲ ದಿನವೇ ಒಂದು ಸಂದೇಹ ಎತ್ತಿದ್ದಳು. "ಮಾಸ್ತರ, ಮೈದುನಗ ಇದರಾಗ ಯಾವುದು ಹಚ್ಚಬೇಕು, ತುನೋ, ಇನ್ನೊಂದೋ? ಅದೂ ಮಾತು ಬಿಟ್ಟ ಮೈದುನಗ?" ಪುಸ್ತಕ ಗೆಳೆಯರ ಬಗ್ಗೆ ಹೇಳಿತ್ತು, ಅಪರಿಚಿತರ ಬಗ್ಗೆ ಹೇಳಿತ್ತು, ಮಾತು ಬಿಟ್ಟ ಮೈದುನನ ಬಗ್ಗೆ ಮೌನವಾಗಿತ್ತು. ಕುಟುಂಬದ ಪಾಠವನ್ನು ತೆಗೆದು ನೋಡಿದರೆ ಅಲ್ಲಿ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಬಿಟ್ಟು ಬೇರೆ ಸಂಬಂಧವೇ ಇರಲಿಲ್ಲ. ಅತ್ತಿಗೆ ಮೈದುನ ಎಂಬ ಮಾತು ಆ ದೇಶದಲ್ಲಿ ಖಂಡಿತ ಇರುತ್ತದೆ, ಆದರೆ ನಮ್ಮ ಪಾಠದಲ್ಲಿಲ್ಲ. ಇದ್ದುದರಲ್ಲೇ ಸಾಗಿಸಿಕೊಳ್ಳಿ ಎಂದೆ. ಹಾಗೆ ಅವಳು ಅವನಿಗೆ ಎರ್ಮಾನೊ ಎಂದಳು, ಸಹೋದರ. ಅವನು ಅವಳಿಗೆ ಎರ್ಮಾನಾ ಎನ್ನಬೇಕಿತ್ತು. ನಾಲಗೆ ಹೊರಳಲಿಲ್ಲ.

"ಹೇಗಿದ್ದೀರಿ?" ಎಂದು ಅವಳು ಗೋಡೆಗೆ ಕೇಳುತ್ತಿದ್ದಳು. 'ಚೆನ್ನಾಗಿದ್ದೇನೆ, ವಂದನೆಗಳು, ನೀವು?' ಎಂಬುದು ಅವನ ಸರದಿ. ಅವನು ಉಗುರು ನೋಡಿಕೊಳ್ಳುತ್ತಿದ್ದ. ಆಮೇಲೆ ಅವಳು ಅವನ ಪಾಲಿನ ಮಾತನ್ನೂ ತಾನೇ ಹೇಳಿ, ಅದಕ್ಕೆ ತಾನೇ ಉತ್ತರ ಕೊಟ್ಟು ಮುಗಿಸುತ್ತಿದ್ದಳು. ಹೀಗೆ ದಿನವೂ ಅವಳು ಚೆನ್ನಾಗಿರುವುದಾಗಿ ಎರಡೆರಡು ಸಲ ಸುಳ್ಳು ಹೇಳಬೇಕಾಗಿ ಬರುತ್ತಿತ್ತು.

ನನಗೆ ಕುತೂಹಲ ಹುಟ್ಟಿದ್ದು ಗದಿಗೆಪ್ಪನ ಕಿವಿಯ ಮೇಲೆ. ಗಡಿಯಾರದವನ ಕಿವಿ ಅದು. ನಾನು ಪಾಠ ಹೇಳುತ್ತ ಬೇಕೆಂದೇ ಒಂದು ಉಚ್ಚಾರ ತಪ್ಪಿಸಿದರೆ, ಬಾಯಿ ಬಾರದ ಆ ಮನುಷ್ಯನ ಹುಬ್ಬು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಇವನು ಕಲಿಯುತ್ತಿಲ್ಲವೋ, ಕಲಿತದ್ದನ್ನು ನುಂಗುತ್ತಿದ್ದಾನೋ ಎಂದು ತಿಳಿಯುವ ಚಪಲದಿಂದ, ತಪ್ಪು ಸಹಜವಾಗಿ ಬರಲೆಂದು, ನಾನು ರಾತ್ರಿ ಓದಬೇಕಾದ ಮುಂದಿನ ಪಾಠವನ್ನು ಓದದೆಯೂ ಬಂದದ್ದುಂಟು. ಹೇಳಲಾಗದು, ಸಾಬೀತು ಮಾಡಲಾಗದು. ಬಾಯಿಂದ ಬಂದದ್ದಷ್ಟೇ ಬಂದ ಹಾಗೆ ಎಂದು ನಿಯಮ. ನೀಲಗಂಗವ್ವ ಒಂದು ದಿನ ಪಾಠ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಉದ್ದಿನ ಹಿಟ್ಟು ಬೀಸಿ ಇಟ್ಟು ಎಷ್ಟೋ ದಿನವಾಯಿತೆಂದೂ, ಹುಳ ಬೀಳುವ ಮೊದಲು ಆ ಪುಣ್ಯಾತ್ಮನ ಬಾಯಿಂದ ಒಂದು ಶುಭ ದಿನ ಬೀಳಲಿ ಎಂದು ಹರಕೆ ಹೊತ್ತಿರುವುದಾಗಿಯೂ ಹೇಳಿ ಹೋದಳು.

ಬೇವಿನ ಹೂ ಉದುರಿ ಕಾಯಾಗುವ ಹೊತ್ತಿಗೆ ನಾವು ಗುಣವಾಚಕಗಳ ಪಾಠಕ್ಕೆ ಬಂದಿದ್ದೆವು. ಅಂದರೆ ನಾನೂ ನೀಲಗಂಗವ್ವನೂ ಬಂದಿದ್ದೆವು. ಗದಿಗೆಪ್ಪ ಮೊದಲ ಪುಟದಲ್ಲೇ ಇದ್ದ. 'ನಿಮ್ಮ ಮನೆಯನ್ನು ಬಣ್ಣಿಸಿರಿ' ಎಂಬುದು ಅಭ್ಯಾಸ. ಅವಳು ಎದ್ದು ನಿಂತಳು. ಆ ಭಾಷೆಯಲ್ಲಿ ಅವಳ ಬಳಿ ಇದ್ದ ಮಾತುಗಳು ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಯುವಷ್ಟು. ಅವನ್ನೇ ಒಂದೊಂದಾಗಿ ತೆಗೆದಿಡತೊಡಗಿದಳು. ಮನೆ ದೊಡ್ಡದು. ಮಾಳಿಗೆ ದೊಡ್ಡದು. ಮಾಳಿಗೆಯ ಮೇಲೆ ಪಾರಿವಾಳಗಳಿವೆ. ಪಾರಿವಾಳಗಳು ಕೊಳಕು. ಗದಿಗೆಪ್ಪ ಉಗುರು ನೋಡಿಕೊಳ್ಳುತ್ತಿದ್ದ. ಪಾರಿವಾಳಗಳು ಕುರೂಪಿ. ಉಗುರು ನೋಡುವುದು ನಿಂತಿತು. ಬಿಳಿ ಪಾರಿವಾಳ ಮುದಿಯಾಗಿದೆ, ಎಂದಳು ಅವಳು ಸಾವಕಾಶವಾಗಿ, ಪ್ರತಿ ಅಕ್ಷರವನ್ನೂ ಹಪ್ಪಳದ ಹಾಗೆ ಲಟ್ಟಿಸುತ್ತ. ಬಿಳಿ ಪಾರಿವಾಳಕ್ಕೆ ರೋಗ. ಬಿಳಿ ಪಾರಿವಾಳ ಹಾರುವುದಿಲ್ಲ.

"ನೋ!" ಎಂದ ಗದಿಗೆಪ್ಪ.

ಎದ್ದು ನಿಂತಿದ್ದ. ಆಮೇಲೆ ಬಂದದ್ದನ್ನು ನಾನು ಪೂರ್ತಿ ಹಿಡಿದುಕೊಳ್ಳಲಾಗಲಿಲ್ಲ. ನಾನೇ ಪುಸ್ತಕದಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಬಿಳಿ ಪಾರಿವಾಳ ಮುದಿಯಲ್ಲ. ಬಿಳಿ ಪಾರಿವಾಳ ಎಳೆಯದು, ಚೆಂದದ್ದು. ಅದರ ಕಣ್ಣು ಕೆಂಪು, ಕಾಲು ಕೆಂಪು. ಅದು ಬೆಳಿಗ್ಗೆ ಹಾರುತ್ತದೆ, ಸಂಜೆ ಹಾರುತ್ತದೆ, ನದಿಯ ತನಕ ಹಾರುತ್ತದೆ, ಮನೆಗೆ ಬರುತ್ತದೆ. ಅದಕ್ಕೆ ಜೋಳ ಇಷ್ಟ. ಅದಕ್ಕೆ ಕಡಲೆ ಇಷ್ಟವಿಲ್ಲ. ಅದಕ್ಕೆ ರೋಗವಿಲ್ಲ, ರೋಗವಿರುವುದು ನಿಮಗೆ. ಶುದ್ಧ, ಸ್ವಚ್ಛ, ಎಲ್ಲೂ ತಡೆಯಿಲ್ಲದೆ. ಕೊನೆಗೆ ಉಸಿರು ತೆಗೆದುಕೊಳ್ಳಲು ನಿಂತಾಗ ತಾನು ಏನು ಮಾಡಿದೆನೆಂಬುದು ಅವನಿಗೆ ಹೊಳೆದಿರಬೇಕು. ಮೆಲ್ಲಗೆ ಕುಳಿತ.

ನೀಲಗಂಗವ್ವ ನಗಲಿಲ್ಲ. "ಬಂತಲ್ರಿ ಮಾಸ್ತರ," ಎಂದಳು ಅಷ್ಟೇ.

ಬಂದದ್ದು ಬಂದಂತೆ. ನಾನು ಒಪ್ಪಿಗೆ ಕೊಡಲೇಬೇಕಾಯಿತು. ಅವಳು ಹೊರಡುವಾಗ ನನಗೆ ತಡೆಯಲಾಗಲಿಲ್ಲ. ಆ ಹಕ್ಕಿಗೆ ನಿಜಕ್ಕೂ ವಯಸ್ಸಾಗಿದೆಯೇ ಎಂದು ಕೇಳಿದೆ. ಅವಳು ಮೆಟ್ಟಿಲ ಮೇಲೆ ನಿಂತಳು.

"ಇಲ್ರಿ, ಎಳೇದ ಐತಿ. ನಮ್ಮ ಮನಿಯವರು ತಂದಿದ್ದು. ಹೋಗೂಕಿಂತ ಸ್ವಲ್ಪ ಮೊದಲ. ಅಂಗಿ ಒಳಗ ಇಟ್ಕೊಂಡು ತಂದಿದ್ರು, ಚಳಿ ಹತ್ತಬಾರದಂತ." ಒಂದು ಮೆಟ್ಟಿಲು ಇಳಿದು ಸೇರಿಸಿದಳು, "ಆ ಅಂಗಿ ಒಗದಾಕಿ ನಾನ ಅಲ್ರೀ?"

ವಿಚಾರಣೆಗೆ ಮುಂಚೆ ಇಬ್ಬರೂ ತಮ್ಮ ತಮ್ಮ ಹೇಳಿಕೆಯನ್ನು ಎದುರಿನವರ ಮುಂದೆ ಒಪ್ಪಿಸಿ ತಾಲೀಮು ಮಾಡಬೇಕೆಂದು ಪದ್ಧತಿ. ಇನ್ನು ಮಲಗಿ ಪ್ರಯೋಜನವಿಲ್ಲವೆಂದು ಗದಿಗೆಪ್ಪನೂ ಮಾಡಿದ. ಅವಳು ಅವನದನ್ನು ಕೇಳಿ ಬಾಯಿಪಾಠ ಮಾಡಿಕೊಂಡಳು, ಅವನು ಅವಳದನ್ನು. ಅವನ ಹೇಳಿಕೆ ಶುರುವಾಗುತ್ತಿದ್ದುದು ಕುಟುಂಬದ ಪಾಠದ ಒಂದು ಸಾಲಿನಿಂದ: 'ತೆಂಗೊ ಉನ್ ಎರ್ಮಾನೊ', ನನಗೊಬ್ಬ ಅಣ್ಣ ಇದ್ದಾನೆ. ನಾನು ತಿದ್ದಲಿಲ್ಲ. ನಮ್ಮ ಪುಸ್ತಕದಲ್ಲಿ ಭೂತಕಾಲವೂ ತೀರಿಹೋದವರೂ ಬರುವುದು ಬಹಳ ಮುಂದೆ. ಚಾವಡಿಗೆ ಹೋಗುವವರು ಅಲ್ಲಿಯ ತನಕ ಓದುವ ರೂಢಿಯಿಲ್ಲ. ನೀಲಗಂಗವ್ವನೂ ತಿದ್ದಲಿಲ್ಲ.

ಚಾವಡಿಯಲ್ಲಿ ಜನ ಕಿಕ್ಕಿರಿದಿದ್ದರು. ಒಂದು ಮಾತೂ ತಿಳಿಯದವರೇ ಹೆಚ್ಚು. ತಿಳಿಯುವವರು ತಿಳಿಯದ ಮುಖ ಹಾಕಿಕೊಂಡು ಕೂತಿದ್ದರು. ನ್ಯಾಯ ಹೇಳುವ ಬಾಳನಗೌಡರು ನಡುವೆ, ಪಕ್ಕದಲ್ಲಿ ಜಾಗಟೆ. ಹೇಳಬೇಕಾದವರು ಹೇಳದೆ ನಿಂತರೆ ಗೌಡರು ಜಾಗಟೆ ಬಾರಿಸುತ್ತಾರೆ. ಬಾರಿಸಿದರೆ ಸೋತ ಹಾಗೆ. ನೀಲಗಂಗವ್ವ ಮೊದಲು ಹೇಳಿದಳು. ನನಗೆ ಮಾಳಿಗೆ ಬೇಕು. ನನ್ನ ಬಳಿ ಹಪ್ಪಳ ಇದೆ. ಹಪ್ಪಳಕ್ಕೆ ಬಿಸಿಲು ಬೇಕು. ಮನೆಯೊಳಗೆ ಬಿಸಿಲು ಇಲ್ಲ. ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹೆಣ್ಣುಮಕ್ಕಳಿಗೆ ಹಸಿವು ಇದೆ. ಕನ್ನಡದಲ್ಲಾಗಿದ್ದರೆ ಅವಳು ಇಷ್ಟಕ್ಕೆ ನಿಲ್ಲಿಸುತ್ತಿರಲಿಲ್ಲ, ಅತ್ತೆಯ ಕಾಲದಿಂದ ಹಿಡಿದು ಬರುತ್ತಿದ್ದಳು. ಇಲ್ಲಿ ಇದ್ದ ಮಾತು ಮುಗಿಯಿತು. ಕೂತಳು.

ಗದಿಗೆಪ್ಪ ಎದ್ದ. ಅಷ್ಟು ಜನರನ್ನು ನೋಡಿದ. ಬಾಯಿ ತೆರೆದ, ತುಟಿ ಆಡಿಸಿದ, ಬೆವರು ಒರೆಸಿಕೊಂಡ. ಇಷ್ಟು ದಿನ ಮಾಡಿದ ನಾಟಕವೇ ಈಗ ಅವನನ್ನು ಹಿಡಿದುಕೊಂಡಿತ್ತು. ಮಲಗುವ ಆಟ ಮತ್ತೆ ಶುರುವಾಯಿತೆಂದು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆದರೆ ನನಗೆ ಅವನ ಕೈ ಕಾಣುತ್ತಿತ್ತು. ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಹಿಡಿದು ಕೂರಿಸುವ ಕೈ ಅದು, ಅಂಗಿಯ ಗುಂಡಿಯೊಂದನ್ನು ಹಿಡಿಯಲಾಗದೆ ಬಿಡುತ್ತಿತ್ತು. ಬಾಳನಗೌಡರು ಜಾಗಟೆಯ ಕೊಡತಿ ಎತ್ತಿಕೊಂಡರು.

ನೀಲಗಂಗವ್ವ ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹಪ್ಪಳಕ್ಕೆ ಹೇಳಿ ಮಾಡಿಸಿದ ಬಿಸಿಲು. ಅವಳು ಅದನ್ನೊಮ್ಮೆ ನೋಡಿದಳು. ನೆಲ ನೋಡಿದಳು. ಆಮೇಲೆ ಯಾರಿಗೂ ಅಲ್ಲವೆಂಬಂತೆ, ಮಗುವಿಗೆ ತುತ್ತು ಇಡುವವರ ಸಣ್ಣ ದನಿಯಲ್ಲಿ, "ತೆಂಗೊ ಉನ್ ಎರ್ಮಾನೊ," ಎಂದಳು.

ಅವನು ಅವಳ ಕಡೆ ತಿರುಗಿದ. "ತೆಂಗೊ ಉನ್ ಎರ್ಮಾನೊ," ಎಂದ. ಆಮೇಲೆ ಉಳಿದದ್ದು ತಾನೇ ಬಂತು. ನನಗೊಬ್ಬ ಅಣ್ಣ ಇದ್ದಾನೆ. ಅಣ್ಣನ ಬಳಿ ಪಾರಿವಾಳಗಳಿವೆ. ಪಾರಿವಾಳಗಳ ಮನೆ ಮಾಳಿಗೆ. ಅಣ್ಣ ಮನೆಯಲ್ಲಿ ಇಲ್ಲ. ಪಾರಿವಾಳಗಳು ಮನೆಯಲ್ಲಿ ಇವೆ. ಇಷ್ಟಕ್ಕೆ ನಿಲ್ಲಿಸಿದ. ನಿಮಗೇನು ಬೇಕು ಎಂದು ಗೌಡರು ಆ ಭಾಷೆಯಲ್ಲೇ ಕೇಳಿದರು. ನನಗೆ ಏನೂ ಬೇಡ, ಪಾರಿವಾಳಗಳಿಗೆ ಮಾಳಿಗೆ ಬೇಕು, ಎಂದ. ತಿಳಿಯದ ಮುಖ ಹಾಕಿಕೊಂಡವರಲ್ಲಿ ಕೆಲವರು ಮೂಗು ಒರೆಸಿಕೊಂಡು ಸಿಕ್ಕಿಬಿದ್ದರು.

ಹಿರಿಯರು ತಲೆಗೆ ತಲೆ ಸೇರಿಸಿ ಬಹಳ ಹೊತ್ತು ಪಿಸುಗುಟ್ಟಿದರು. ಹೇಳಿಕೊಟ್ಟ ಮಾತು ಹೇಳಿದ ಮಾತಲ್ಲ ಎಂಬ ನಿಯಮ ಸ್ಪಷ್ಟವಾಗಿತ್ತು. ವೈರಿಯೇ ಹೇಳಿಕೊಟ್ಟರೆ ಏನು ಎಂಬುದಕ್ಕೆ ನಿಯಮವಿರಲಿಲ್ಲ, ಏಕೆಂದರೆ ಅದು ಯಾವತ್ತೂ ಆಗಿರಲಿಲ್ಲ. ಇಲ್ಲದ ನಿಯಮಕ್ಕಿಂತ ಇದ್ದ ನಿಯಮ ವಾಸಿ ಎಂದು ತೀರ್ಮಾನಿಸಿ, ಬಾಳನಗೌಡರು ಜಾಗಟೆ ಬಾರಿಸಿದರು. ಮಾಳಿಗೆ ನೀಲಗಂಗವ್ವನದು. ಗೂಡುಗಳು ಮರುದಿನವೇ ಹಿತ್ತಲಿಗೆ ಇಳಿಯತಕ್ಕದ್ದು. ಇಬ್ಬರೂ ಹೊಸ್ತಿಲ ಹೊರಗೆ ಬಾಯಿ ಮುಕ್ಕಳಿಸಿದರು. ಮತ್ತೆ ಮಾತಿಲ್ಲ.

ಗದಿಗೆಪ್ಪ ತಾನೇ ಗೂಡುಗಳನ್ನು ಹೊತ್ತು ಹಿತ್ತಲಿಗೆ ಇಳಿಸಿದ. ನೀಲಗಂಗವ್ವ ಮಾಳಿಗೆಯನ್ನು ಸಾರಿಸಿ, ಹಳೆಯ ಸೀರೆ ಹಾಸಿ, ಮೊದಲ ದಿನದ ಹಪ್ಪಳ ಹರಡಿದಳು. ಇಷ್ಟರಲ್ಲಿ ಹಿತ್ತಲಿನಲ್ಲಿ ಗೂಡಿನ ಬಾಗಿಲು ತೆರೆದದ್ದೇ ತಡ, ಪಾರಿವಾಳಗಳು ಊರಿಗೊಂದು ಸುತ್ತು ಹಾಕಿ ಬಂದು ಮಾಳಿಗೆಯ ಮೇಲೆ ಇಳಿದವು. ಅವುಗಳಿಗೆ ತೀರ್ಪು ತಿಳಿದಿರಲಿಲ್ಲ. ಪಾರಿವಾಳ ತಾನು ಬೆಳೆದ ಜಾಗಕ್ಕೇ ಬರುತ್ತದೆ, ಅದನ್ನು ಬಿಡಿಸುವ ಚಾವಡಿ ಯಾವ ಊರಿನಲ್ಲೂ ಇಲ್ಲ. ಬಿಳಿಯದು ಎಲ್ಲಕ್ಕಿಂತ ಮುಂದೆ, ಹಪ್ಪಳದಿಂದ ಹಪ್ಪಳಕ್ಕೆ ಕಾಲಿಡುತ್ತ, ಜಾಗ ಪರೀಕ್ಷಿಸುವವರಂತೆ ನಡೆಯಿತು.

ನೀಲಗಂಗವ್ವ ಅದು ಮೆಟ್ಟಿದ ಹಪ್ಪಳವೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಚಾವಡಿಗೆ ಹೋದಳು. ಬಾಳನಗೌಡರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಹೊಸಾ ತಕರಾರೇನವಾ ತಂಗಿ? ಹಂಗಾದ್ರ ದಾರಿ ಗೊತ್ತೈತಲ್ಲ. ಇಬ್ರೂ ಮಾಸ್ತರ ಹತ್ರ ಹೋಗ್ರಿ, ಮೊದಲನೇ ಪಾಠದಿಂದ."

ಮತ್ತೆ ಮೊದಲ ಪಾಠವೆಂದರೆ ಬೇಸಗೆ ಮುಗಿದ ಹಾಗೆ. ಅವಳು ಆಕಾಶ ನೋಡಿದಳು. ಮೂಡಣದಲ್ಲಿ ಒಂದು ಬಿಳಿ ಮೋಡ ತಲೆ ಹಾಕಿತ್ತು. ತಕರಾರೇನಿಲ್ಲ, ತೋರಿಸಿ ಹೋಗಲು ಬಂದೆ ಎಂದು ಹಪ್ಪಳ ವಾಪಸು ಇಸಿದುಕೊಂಡು ಮನೆಗೆ ಹೋದಳು.

ಆಮೇಲೆ ಏನಾಯಿತೆಂದು ತಿಳಿಯುವ ತನಕ ನನಗೆ ನಿದ್ದೆ ಬರುವಂತಿರಲಿಲ್ಲ. ತಡೆದೂ ತಡೆದೂ, ಹಪ್ಪಳ ಕೊಳ್ಳುವ ನೆಪ ಮಾಡಿಕೊಂಡು ಒಂದು ಮಧ್ಯಾಹ್ನ ಆ ಓಣಿಗೆ ಹೋದೆ. ಮನೆಯ ಮುಂದಿನ ಬಾಗಿಲು ಭದ್ರವಾಗಿ ಹಾಕಿತ್ತು. ಹಿಂದಿನಿಂದ ಸುತ್ತಿ ಬಂದರೆ ಮಾಳಿಗೆಯ ಮೇಲಿಂದ ಸಣ್ಣ ದನಿಯಲ್ಲಿ, ಕಳ್ಳತನದ ಹೊಂಚು ಹಾಕುವವರಂತೆ, ಸ್ಪ್ಯಾನಿಷ್ ಕೇಳುತ್ತಿತ್ತು. ಬೆಳಿಗ್ಗೆ ಹಪ್ಪಳ. ಸಂಜೆ ಪಾರಿವಾಳ. ಬಿಳಿಯದು? ಬಿಳಿಯದೂ ಸಂಜೆ. ಬಿಳಿಯದು ಬೆಳಿಗ್ಗೆ ಸ್ವಲ್ಪ. ಸ್ವಲ್ಪ, ಸರಿ.

ಮೇಲೆ ಹತ್ತಿ ನೋಡಿದೆ. ಮೆಟ್ಟಿಲ ಕೋಣೆಯ ನೆರಳಿನಲ್ಲಿ ಗೂಡುಗಳು ವಾಪಸು ಬಂದಿದ್ದವು, ಆದರೆ ಒಂದರ ಮೇಲೊಂದು ಏರಿ ಅರ್ಧ ಜಾಗಕ್ಕೆ ಇಳಿದಿದ್ದವು, ಬಾಗಿಲು ಮುಚ್ಚಿತ್ತು. ಉಳಿದ ಮಾಳಿಗೆಯ ತುಂಬ ಹಪ್ಪಳ, ಚಂದ್ರನ ಸಂತೆ ನೆರೆದ ಹಾಗೆ. ಗದಿಗೆಪ್ಪ ಮೂಲೆಯಲ್ಲಿ ಕೊಡೆಯ ನೆರಳಿಗೆ ಕೂತು, ಒಂದು ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತ, ಇನ್ನೊಂದು ಕಣ್ಣಿನಿಂದ ಕಾಗೆ ಕಾಯುತ್ತಿದ್ದ. ಮೂರು ಮಾತಿನಲ್ಲಿ ಮುಗಿಯುವ ಈ ಏರ್ಪಾಡು ಹಿಂದಿನ ಬೇಸಗೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲವೇ ಎಂದು ನನಗನ್ನಿಸಿತು. ಹೊಳೆದಿರಬಹುದು. ಆಗ ಅವರ ಬಳಿ ಮೂರಕ್ಕಿಂತ ಬಹಳ ಹೆಚ್ಚು ಮಾತುಗಳಿದ್ದವು.

ನೀಲಗಂಗವ್ವನ ಹಿಂದೆ ಕೆಳಗೆ ಬಂದು ಹಪ್ಪಳ ಕಟ್ಟಿಸಿಕೊಳ್ಳುತ್ತ, ಅಂತೂ ರಾಜಿ ಆತೇ, ಎಂದೆ.

"ಎಲ್ಲಿ ರಾಜಿ ಮಾಸ್ತರ," ಎಂದಳು ನೀಲಗಂಗವ್ವ, ನನ್ನನ್ನೇ ವಿಚಿತ್ರವಾಗಿ ನೋಡುತ್ತ. "ನಾವು ಮಾತು ಬಿಟ್ಟು ವರ್ಷದ ಮ್ಯಾಲಾತು. ಅಂವ ನನ್ನ ಮಾತಾಡಸೂದಿಲ್ಲ, ನಾ ಅವನ್ನ ಮಾತಾಡಸೂದಿಲ್ಲ."

"ಎರ್ಮಾನಾ," ಎಂದು ಮೇಲಿನಿಂದ ದನಿ ಬಂತು. ಮೋಡ ಬರುತ್ತಿದೆಯಂತೆ. ಅವಳು ತಲೆಯೆತ್ತಿ ಮೋಡ ದೊಡ್ಡದೋ ಸಣ್ಣದೋ, ಕರಿಯದೋ ಬಿಳಿಯದೋ, ಹಪ್ಪಳ ತೆಗೆಯಬೇಕೋ ಬೇಡವೋ, ಅವನಿಗೆ ನೀರು ಬೇಕೋ, ಎಲ್ಲವನ್ನೂ ಆ ಭಾಷೆಯಲ್ಲೇ ವಿಚಾರಿಸಿ ಮುಗಿಸಿ, ಪುನಃ ನನ್ನ ಕಡೆ ತಿರುಗಿದಳು. "ಮಾರಿ ಕಂಡ್ರ ಆಗೂದಿಲ್ರಿ," ಎಂದು ಮಾತು ಪೂರ್ತಿ ಮಾಡಿದಳು.

ಆ ವರ್ಷ ಅವಳ ಹಪ್ಪಳ ಎಲ್ಲ ಮದುವೆಗಳಿಗೂ ಹೋಯಿತು. ಹಪ್ಪಳದ ಮಣೆ ಅಟ್ಟ ಸೇರಲಿಲ್ಲ. ರೋಹಿಣಿ ಮಳೆ ತಡವಾಗಿ ಬಂತು, ಬಂದದ್ದು ಜೋರಾಗಿಯೇ ಬಂತು. ಮಾಳಿಗೆ ಖಾಲಿಯಾಯಿತು, ಹಾಸುವುದಕ್ಕಿಲ್ಲ, ಕಾಯುವುದಕ್ಕಿಲ್ಲ, ಹಾರಿಸುವುದಕ್ಕಿಲ್ಲ. ಮನೆಯೊಳಗೆ ಆ ಭಾಷೆ ಆಡಿದರೆ ಗೋಡೆಯಾಚೆಯವರ ಕಿವಿಗೆ ಬೀಳುತ್ತದೆ, ಮತ್ತು ಆ ಮನೆಯಲ್ಲಿ ಗಂಡಿನ ಕಡೆಯವರು ನೋಡಲು ಬರಬೇಕಾದ ಹೆಣ್ಣು ಒಂದಲ್ಲ, ಎರಡು. ಕನ್ನಡವನ್ನಂತೂ ಬಿಟ್ಟಾಗಿತ್ತು. ಅವರಿಬ್ಬರೂ ಮಳೆಗಾಲವನ್ನು ಹೇಗೆ ಕಳೆಯುತ್ತಾರೋ ಎಂದು ನಾನು ಆಗಾಗ ಯೋಚಿಸುತ್ತಿದ್ದೆ.

ಒಂದು ಸಂಜೆ ಪಾಠಶಾಲೆಯ ಬಾಗಿಲಲ್ಲಿ ಎರಡು ಕೊಡೆಗಳು ಮಡಚಿಕೊಂಡವು. ನೀಲಗಂಗವ್ವ ಬೆಂಚಿನ ಆ ತುದಿಯಲ್ಲಿ ಕೂತಳು, ಗದಿಗೆಪ್ಪ ಈ ತುದಿಯಲ್ಲಿ. ಏನು ವಿಷಯ ಎಂದೆ.

"ಭಾರಿ ತಕರಾರ್ ಐತ್ರಿ ಮಾಸ್ತರ," ಎಂದ ಗದಿಗೆಪ್ಪ, ಗಂಟಲು ಸರಿಮಾಡಿಕೊಂಡು.

ಯಾವುದರದು? ಇಬ್ಬರೂ ಮಡಚಿದ ಕೊಡೆಗಳ ಕಡೆ ನೋಡಿದರು. ಇದನ್ನು ಮಾತ್ರ ತಾಲೀಮು ಮಾಡಿಕೊಂಡು ಬಂದಿರಲಿಲ್ಲ.

"ಮೆಟ್ಟಿಲದ್ದು," ಎಂದಳು ನೀಲಗಂಗವ್ವ. "ಕೆಳಗಿನ ಮೆಟ್ಟಿಲು ಯಾರು ಕಸ ಹೊಡೀಬೇಕಂತ."

ಅದೊಂದೇ ಮೆಟ್ಟಿಲೇ ಎಂದು ಕೇಳಿದೆ. ಸದ್ಯಕ್ಕೆ ಅದೊಂದೇ, ಉಳಿದವು ಅದಾವಲ್ಲ, ಆಮೇಲೆ ನೋಡಿದರಾಯಿತು ಎಂದಳು. ನಾನು ಜಗಳವಾಡದ ಮನುಷ್ಯ. ಪುಸ್ತಕ ತೆಗೆದು ಇಬ್ಬರ ನಡುವೆ ಇಟ್ಟೆ. ಮೊದಲ ಪುಟ. "ಬ್ವೆನೊಸ್ ದಿಯಾಸ್," ಎಂದು ಗದಿಗೆಪ್ಪನ ಕಡೆ ನೋಡಿದೆ. ಅವನು ಬಾಯಿ ತೆರೆದ, ತುಟಿ ಆಡಿಸಿದ, ಹಣೆ ಒರೆಸಿಕೊಂಡು ತಲೆಯಾಡಿಸಿದ.

ನೀಲಗಂಗವ್ವನ ಕಡೆ ತಿರುಗಿದೆ. ನನ್ನ ಬೆಂಚಿನ ಮೇಲೆ ಕೂತವರಲ್ಲೆಲ್ಲ ಅವಳಂಥ ಚುರುಕು ವಿದ್ಯಾರ್ಥಿ ಇರಲಿಲ್ಲ. ಅವಳು ಹೊರಗೆ ಸುರಿಯುವ ಮಳೆಯನ್ನು ನೋಡುತ್ತ, ಸೆರಗು ಹೊದ್ದುಕೊಂಡು, ಬೆಂಚಿಗೆ ಬೆನ್ನು ಆನಿಸಿ ಆರಾಮಾಗಿ ಕೂತಳು.

"ನನಗೂ ನಾಲಿಗಿ ಹೊಳ್ಳವಲ್ದ್ರಿ ಮಾಸ್ತರ," ಎಂದಳು. "ಈ ಸಲ ಭಾಳ ದಿನಾ ಹಿಡೀತೈತಿ ಅನಸ್ತೈತಿ."